‘ಟ್ಯಾಲೆಂಟ್’ ಎಂಬ ಪದ: ಮೂಲ, ಅರ್ಥ ಮತ್ತು ಬೋಧಕನ ಹೊಣೆ

‘ಟ್ಯಾಲೆಂಟ್’ ಎಂಬ ಇಂಗ್ಲಿಷ್ ಪದವನ್ನು ನಾವಿಂದು ಹುಟ್ಟಿನಿಂದ ಬಂದ ಪ್ರತಿಭೆ ಎಂಬರ್ಥದಲ್ಲಿ ಬಳಸುತ್ತೇವೆ. ಈ ಅರ್ಥವನ್ನು ಆ ಪದಕ್ಕೆ ತಂದುಕೊಟ್ಟದ್ದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿರುವ ತಲಾಂತುಗಳ ಸಾಮ್ಯವೇ. ಆದರೆ ಸಾಮ್ಯದಿಂದ ಹೊರಟ ಪದವು ಹೊಸ ಅರ್ಥವನ್ನು ಹೊತ್ತು ಮರಳಿ ಬಂದು, ಸಾಮ್ಯದ ಮೂಲ ಭಾವವನ್ನೇ ಮರೆಮಾಡುವುದುಂಟು. ಆದಕಾರಣ ಈ ಪದದ ಚರಿತ್ರೆಯನ್ನು ಅರಿಯುವುದು ಬೋಧಕರಿಗೆ ಅಗತ್ಯ.

ಗ್ರೀಕ್ ಭಾಷೆಯ ‘ತಾಲಾಂತೋನ್’ ಎಂದರೆ ಮೊದಲು ತಕ್ಕಡಿ. ಅನಂತರ ಒಂದು ತೂಕ. ಕಡೆಗೆ ಆ ತೂಕದ ಬೆಳ್ಳಿ ಅಥವಾ ಬಂಗಾರ. ‘ಹೊರು, ಎತ್ತು’ ಎಂಬರ್ಥದ ಪ್ರಾಚೀನ ಧಾತು ಇದರ ಮೂಲ. ಸಂಸ್ಕೃತದ ‘ತುಲಾ’ ಶಬ್ದವೂ ಅದೇ ಧಾತುವಿನಿಂದ ಬಂದದ್ದಾದುದರಿಂದ ನಾವಾಡುವ ‘ತುಲನೆ’, ‘ತುಲಾಭಾರ’ಗಳು ತಲಾಂತಿನ ದೂರದ ಬಂಧುಗಳು. ಹೀಬ್ರೂ ಭಾಷೆಯಲ್ಲಿ ಇದಕ್ಕೆ ಸಮನಾದ ‘ಕಿಕ್ಕಾರ್’ ಎಂಬ ಪದಕ್ಕೆ ದುಂಡಾದದ್ದು ಎಂದರ್ಥ.

ಅಥೇನೆಯ ಅಳತೆಯಲ್ಲಿ ಒಂದು ತಲಾಂತು ಸುಮಾರು 26 ಕಿಲೋಗ್ರಾಂ. ಅಷ್ಟು ಬೆಳ್ಳಿಯ ಬೆಲೆ 6000 ದ್ರಾಖ್ಮೆ. ದ್ರಾಖ್ಮೆಯೂ ರೋಮಿನ ದೆನಾರಿಯಸ್ ನಾಣ್ಯವೂ ಹೆಚ್ಚುಕಡಿಮೆ ಸಮಾನವೆಂದು ಎಣಿಸಲಾಗುತ್ತಿತ್ತು. ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಕೂಲಿಯವನ ದಿನದ ಸಂಬಳ ಒಂದು ದೆನಾರಿಯಸ್. ವರ್ಷಕ್ಕೆ 300 ದಿನಗಳ ದುಡಿಮೆ ಎಂದಿಟ್ಟುಕೊಂಡರೆ ಒಂದೇ ತಲಾಂತು 20 ವರ್ಷಗಳ ಕೂಲಿಯಾಗುತ್ತದೆ. ಹೀಗಿರಲಾಗಿ ಒಂದು ತಲಾಂತನ್ನು ಪಡೆದ ಆಳನ್ನು ‘ಅಲ್ಪವನ್ನು ಪಡೆದವನು’ ಎಂದು ಕನಿಕರಿಸಲು ಆಸ್ಪದವಿಲ್ಲ.

ಲ್ಯಾಟಿನಿನ ‘ತಾಲೆಂಟುಮ್’ ಮೂಲಕ ಈ ಪದ ಇಂಗ್ಲಿಷನ್ನು ಸೇರಿದಾಗ ತೂಕ ಎಂದೇ ಅರ್ಥವಿತ್ತು. ಮಧ್ಯಯುಗದ ಫ್ರೆಂಚ್ ಭಾಷೆಯಲ್ಲಿ ಮನಸ್ಸಿನ ಒಲವು ಎಂಬರ್ಥವೂ ಕೂಡಿಕೊಂಡಿತು. ಸಹಜ ಸಾಮರ್ಥ್ಯ ಎಂಬ ಅರ್ಥ ಇಂಗ್ಲಿಷಿನಲ್ಲಿ 15ನೆಯ ಶತಮಾನದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ದಾರಿಮಾಡಿದ್ದು ಸಭಾಪಿತೃಗಳ ವ್ಯಾಖ್ಯಾನ: ಕ್ರಿಸೊಸ್ತೊಮನು ತಲಾಂತುಗಳಲ್ಲಿ ಹಣ, ಬೋಧನೆ, ಪರರಿಗೆ ಆಶ್ರಯ ನೀಡುವ ಶಕ್ತಿ ಎಲ್ಲವನ್ನೂ ಕಂಡನು, ಮಹಾ ಗ್ರೆಗರಿಯು ಐದು ತಲಾಂತುಗಳನ್ನು ಪಂಚೇಂದ್ರಿಯಗಳೆಂದು ವಿವರಿಸಿದನು.

ಈ ವ್ಯಾಖ್ಯಾನವನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಆದರೆ ವಚನದ ಕ್ರಮವನ್ನು ಗಮನಿಸೋಣ. 14ನೆಯ ವಚನದ ಪ್ರಕಾರ ಯಜಮಾನನು ಒಪ್ಪಿಸಿದ್ದು ತನ್ನ ಸ್ವಂತ ಆಸ್ತಿಯನ್ನು. 15ನೆಯ ವಚನದ ಪ್ರಕಾರ ಅದನ್ನು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಹಂಚಿದನು. ಅಂದರೆ ಕಥೆಯಲ್ಲಿ ಸಾಮರ್ಥ್ಯ ಬೇರೆ, ತಲಾಂತು ಬೇರೆ. ಸಾಮರ್ಥ್ಯವು ಆಳಿನದು, ತಲಾಂತು ಯಜಮಾನನದು. ಇವೆರಡನ್ನೂ ಒಂದೇ ಎಂದೆಣಿಸಿದಾಗ, ಒಪ್ಪಿಸಲ್ಪಟ್ಟ ನಿಧಿಯು ನಮ್ಮ ಸ್ವತ್ತಾಗಿಬಿಡುತ್ತದೆ.

ಇದರ ಫಲ ಸಭೆಯಲ್ಲಿ ತೋರುತ್ತದೆ. ಹಾಡಬಲ್ಲವನು, ವಾಗ್ಮಿಯಾದವನು ‘ತಲಾಂತುಳ್ಳವನು’ ಎನ್ನಿಸಿಕೊಳ್ಳುವನು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ವಿಧವೆಯು ತನ್ನಲ್ಲಿ ಏನೂ ಇಲ್ಲವೆಂದು ನಂಬುವಳು. ಆದರೆ ಸಾಮ್ಯದಲ್ಲಿ ಬರಿಗೈಯಲ್ಲಿ ಬಿಡಲ್ಪಟ್ಟ ಆಳು ಒಬ್ಬನೂ ಇಲ್ಲ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ದೊರೆತ ಮೆಚ್ಚುಗೆ ಒಂದೇ. ಅಲ್ಲಿ ಎಣಿಕೆಗೆ ಬಂದದ್ದು ನಂಬಿಗಸ್ತಿಕೆ. ಮೂರನೆಯವನಲ್ಲಿ ಕೊರತೆಯಾದದ್ದೂ ಸಾಮರ್ಥ್ಯವಲ್ಲ. ಯಜಮಾನನನ್ನು ಕಠಿಣನೆಂದೆಣಿಸಿದ ಭಯವೂ ಮೈಗಳ್ಳತನವೂ ಅವನನ್ನು ಕೆಡಿಸಿದವು.

ಆದುದರಿಂದ ಈ ಭಾಗವನ್ನು ಬೋಧಿಸುವಾಗ ‘ನಿನ್ನಲ್ಲಿ ಯಾವ ಪ್ರತಿಭೆಯಿದೆ?’ ಎಂಬ ಪ್ರಶ್ನೆಗಿಂತ ಮುಂಚೆ ‘ನಿನ್ನ ಕೈಗೆ ಯಾರದನ್ನು ಒಪ್ಪಿಸಲಾಗಿದೆ?’ ಎಂದು ಕೇಳುವುದು ಯುಕ್ತ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲಾರದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಎರಡನೆಯದು ಅವರನ್ನೂ ಕರೆಯುತ್ತದೆ.