ಮಹಾಮಾರಿ ಮತ್ತು ನಗರಗಳ ಬೆಳವಣಿಗೆ

ಮಹಾಮಾರಿಯು ನಗರಗಳನ್ನು ಬರಿದು ಮಾಡುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಕೆಲವು ಕಾಲದ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ ಇತಿಹಾಸವನ್ನು ಅವಲೋಕಿಸಿದಾಗ, ಬರಿದಾದ ನಗರವು ಬಹುಬೇಗ ಮತ್ತೆ ತುಂಬಿಕೊಳ್ಳುವುದೂ, ಅದರ ರೂಪವು ಮಾತ್ರ ಬಹುಕಾಲಕ್ಕೆ ಬದಲಾಗುವುದೂ ಕಂಡುಬರುತ್ತದೆ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ತಲೆದೋರಿತು. ಅಲ್ಲಿಯ ತೈಪಿಂಗ್‌ಶಾನ್ ಎಂಬ ಇಕ್ಕಟ್ಟಾದ ಕೇರಿಯನ್ನು ಸರ್ಕಾರವು ವಶಪಡಿಸಿಕೊಂಡು ಕೆಡವಿತು. 1896ರಲ್ಲಿ ಅದೇ ವ್ಯಾಧಿಯು ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಬಂದರಿನ ಧಾನ್ಯದ ಉಗ್ರಾಣಗಳಲ್ಲಿ ಇಲಿಗಳು ತುಂಬಿದ್ದವು. ಇಲಿಗಳ ಮೈಮೇಲಿನ ಚಿಗಟಗಳು ರೋಗಾಣುಗಳನ್ನು ಹರಡಿದವು. ಗಾಳಿಬೆಳಕಿಲ್ಲದ ಚಾಳುಗಳಲ್ಲಿ ವಾಸವಾಗಿದ್ದ ಗಿರಣಿ ಕಾರ್ಮಿಕರು ಬಲಿಯಾದರು. ಉಳಿದವರು ಹಳ್ಳಿಗಳಿಗೆ ಓಡಿದರು. 1891ರಲ್ಲಿ ಸುಮಾರು 8,21,000 ಇದ್ದ ನಗರದ ಜನಸಂಖ್ಯೆ 1901ರಲ್ಲಿ 7,76,000ಕ್ಕೆ ಇಳಿಯಿತು. ಆದರೆ 1911ರ ವೇಳೆಗೆ ಅದು 9,79,000ವನ್ನು ಮುಟ್ಟಿತು. ಗಿರಣಿಯೂ ಬಂದರೂ ಇರುವವರೆಗೆ ಅನ್ನವನ್ನರಸಿ ಬರುವವರನ್ನು ರೋಗದ ಭಯವು ತಡೆಯಲಾರದು.

ಈ ಆಘಾತದ ಫಲವಾಗಿ 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿತವಾಯಿತು. ವಿಶಾಲವಾದ ಬೀದಿಗಳು ನಿರ್ಮಾಣಗೊಂಡವು. ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳು ತಲೆಯೆತ್ತಿದವು. ಆದರೆ ಮನೆ ಕಳೆದುಕೊಂಡ ಬಡವರಲ್ಲಿ ಅನೇಕರಿಗೆ ಅಲ್ಲಿ ಸ್ಥಳ ದೊರೆಯಲಿಲ್ಲ. ಅವರು ನೆರೆಯ ಚಾಳುಗಳನ್ನೇ ಹೊಕ್ಕು ಅಲ್ಲಿಯ ಇಕ್ಕಟ್ಟನ್ನು ಮತ್ತಷ್ಟು ಹೆಚ್ಚಿಸಬೇಕಾಯಿತು.

1898ರಲ್ಲಿ ಪ್ಲೇಗು ಬೆಂಗಳೂರನ್ನೂ ಪ್ರವೇಶಿಸಿತು. ಅದಾಗಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆನಂತರ ತ್ವರಿತವಾಗಿ ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕಸ ಸಾಗಿಸುವ ಓಣಿ, ಇವೆಲ್ಲ ರೋಗವನ್ನು ದೂರವಿಡುವ ಉಪಾಯಗಳೇ ಆಗಿದ್ದವು. ಪ್ಲೇಗಿನ ಭೀತಿಯ ನೆನಪಾಗಿ ಪ್ಲೇಗಮ್ಮನ ಗುಡಿಗಳೂ ಉಳಿದಿವೆ.

2020ರ ಕೋವಿಡ್ ಪಿಡುಗಿನಲ್ಲಿಯೂ ಇದೇ ಕಥೆಯು ಮರುಕಳಿಸಿತು. ಅನುಕೂಲಸ್ಥರು ಮನೆಯಲ್ಲಿಯೇ ಕುಳಿತು ಉದ್ಯೋಗ ನಿರ್ವಹಿಸಿದರು. ನಗರವನ್ನು ಕಟ್ಟಿದ ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದರು. ತರುವಾಯ ಅವರಲ್ಲಿ ಬಹುಮಂದಿ ಅದೇ ಇಕ್ಕಟ್ಟಿನ ಕೋಣೆಗಳಿಗೆ ಹಿಂದಿರುಗಿದರು.

ಹೀಗೆ ಮಹಾಮಾರಿಯು ನಗರದ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ಅದರ ಕೊರತೆಗಳನ್ನು ಬಯಲಿಗೆಳೆಯುತ್ತದೆ. ಆ ಕೊರತೆಗಳನ್ನು ಯಾರಿಗಾಗಿ ತುಂಬಬೇಕೆಂಬುದನ್ನು ಮಾತ್ರ ಮನುಷ್ಯರೇ ನಿರ್ಧರಿಸಬೇಕು. ಕಾಯಕವನ್ನು ಪೂಜ್ಯವೆಂದು ಬಗೆಯುವ ನಾವು ಕಾಯಕಜೀವಿಗೆ ಗಾಳಿ, ಬೆಳಕು, ಶುದ್ಧ ನೀರುಳ್ಳ ಒಂದು ಮನೆಯನ್ನು ಒದಗಿಸದಿದ್ದರೆ, ಮುಂದಿನ ವ್ಯಾಧಿಯೂ ಮೊದಲು ಅವನ ಬಾಗಿಲನ್ನೇ ತಟ್ಟುವುದು.