ಪೀಠಿಕೆ ಇಲ್ಲದ ತರಗತಿ

ತರಗತಿಯ ಹಿಂದಿನ ಗೋಡೆಗೆ ಡ್ರಾಯಿಂಗ್ ಶೀಟೊಂದನ್ನು ಅಂಟಿಸಿದ್ದಾರೆ. ಕೆಂಪು ಸ್ಕೆಚ್ ಪೆನ್ನಿನಲ್ಲಿ ತಲೆಬರಹ: ‘ಇವಕ್ಕೆ ಒಳಗೆ ಪ್ರವೇಶವಿಲ್ಲ’. ಕೆಳಗೆ ಪಟ್ಟಿ. ಶೋಲೆ ಸಿನಿಮಾ, ಏಷ್ಯಾದಲ್ಲೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ, ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕರೆಸಿದ ಬೊಂಬೆ ಕುಶಲಕರ್ಮಿಗಳು, ನಾಡಪ್ರಭು ಕೆಂಪೇಗೌಡರು, ‘ನಿಸರ್ಗದ ಮಡಿಲಲ್ಲಿ’. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬಗ್ಗೆ ಯಾರೇ ಎರಡು ಪುಟ ಬರೆಯಲಿ, ಇವುಗಳಲ್ಲಿ ಮೂರಾದರೂ ಇಣುಕದೆ ಇರುವುದಿಲ್ಲ. ನಮ್ಮ ಪುರವಣಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇದು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಕನ್ನಡ ಅಧ್ಯಾಪಕಿ ತಮ್ಮ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಬೇಡವೆಂದರು. ‘ನಮ್ಮೂರು’ ಎಂದು ಪ್ರಬಂಧ ಬರೆಸಿದಾಗ ಬಂದ ರಾಶಿಯನ್ನು ಓದಿ ಬೇಸತ್ತು ಅವರು ಈ ಪಟ್ಟಿ ಮಾಡಿದ್ದು. ಮನೆ ತುಂಬ ರೇಷ್ಮೆ ಹುಳು ಮೇಯಿಸುವವರ ಮಗ ಕೂಡ ಗಬ್ಬರ್ ಸಿಂಗನ ಬಗ್ಗೆ ಬರೆದಿದ್ದನಂತೆ. ಅವತ್ತಿನಿಂದ ವಾರಕ್ಕೊಂದು ಗಂಟೆ ಪಠ್ಯಪುಸ್ತಕ ಮುಚ್ಚಿ ಬರೀ ಬರವಣಿಗೆ. ಬರೆದವರು ಎದ್ದುನಿಂತು ಜೋರಾಗಿ ಓದಬೇಕು. ಕೇಳಿದವರು ‘ಚೆನ್ನಾಗಿದೆ’ ಎನ್ನುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು. ಮುಂದಿನ ವಾರ ಅದೇ ಬರಹ ಇನ್ನೊಮ್ಮೆ.

ಆ ಹುಡುಗ ಎರಡನೇ ಸಲ ಬರೆದಾಗ ಶೋಲೆ ಹೋಗಿ ಹುಳು ಬಂದಿದ್ದವು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ಜಾಗ ಸಾಲದೆ ಮನೆಯವರೆಲ್ಲ ಜಗಲಿಗೆ ಬಂದು ಮಲಗುತ್ತಾರೆ ಎಂದು ಬರೆದಿದ್ದ. ‘ನಿಮ್ಮಪ್ಪ ಎಲ್ಲಿ ಮಲಗ್ತಾರೆ?’ ಎಂದು ಯಾರೋ ಕೇಳಿದರು. ಉತ್ತರ ಮೂರನೇ ಪ್ರತಿಯಲ್ಲಿತ್ತು: ಅಪ್ಪ ಮಲಗುವುದಿಲ್ಲ. ಸೊಪ್ಪು ಸಾಲದೆ ಬಂದರೆ ಯಾರ ತೋಟದಲ್ಲಿ ಕೊಳ್ಳುವುದು, ಏನು ರೇಟಿಗೆ ಎಂದು ರಾತ್ರಿಯೆಲ್ಲ ಫೋನು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ದಿನ ಅವರು ಕೂತಲ್ಲೇ ನಿದ್ದೆ ಹೋದದ್ದಕ್ಕೆ ಬರಹ ಮುಗಿಯುತ್ತದೆ. ರೇಷ್ಮೆ ಇಲಾಖೆಯ ಕರಪತ್ರಗಳಲ್ಲಿ ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗಗಳ ವಿವರವೆಲ್ಲ ಇದೆ. ಈ ನಿದ್ದೆ ಇಲ್ಲ.

ಪ್ರೌಢಶಾಲೆಯಲ್ಲಿ ಕಲಿತ ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂಬ ಮೂರು ಕಂಬಗಳನ್ನು ಇಲ್ಲಿ ಕಿತ್ತುಹಾಕಿದ್ದಾರೆ. ಪೀಠಿಕೆ ಬರೆದರೆ ಅಧ್ಯಾಪಕಿ ಅದರ ಮೇಲೊಂದು ಅಡ್ಡಗೆರೆ ಎಳೆದು, ಎರಡನೇ ಪ್ಯಾರಾದಿಂದ ಓದಲು ಹೇಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಬರಹ ಶುರುವಾಗುವುದೇ ಅಲ್ಲಿ.

ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಅವರು ಕೊಟ್ಟ ಇನ್ನೊಂದು ಕೆಲಸ. ಪಠ್ಯಕ್ರಮದಲ್ಲಿ ಪತ್ರಲೇಖನವೂ ಇರುತ್ತದೆ. ‘ಇವರಿಂದ, ಇವರಿಗೆ, ಮಾನ್ಯರೇ, ವಿಷಯ’ ಎಂದು ಬಾಯಿಪಾಠ ಮಾಡಿಸಿ ಮುಗಿಸುವುದು ವಾಡಿಕೆ. ಇವರು ಮಕ್ಕಳನ್ನು ತಾಲ್ಲೂಕು ಕಚೇರಿಗಳ ಮುಂದೆ ಕೂರುವ ಅರ್ಜಿ ಬರೆಯುವವರ ಹತ್ತಿರ ಕಳಿಸಿದರು. ಮನೆಯ ಅರ್ಜಿ ಏನಾದರೂ ಇದ್ದರೆ ಜೊತೆಗೆ ಹೋಗಬೇಕು. ಹೇಳಿಕೊಂಡವರ ಮಾತು ಒಂದು ಪುಟ, ಅರ್ಜಿಯಲ್ಲಿ ಬಂದದ್ದು ಇನ್ನೊಂದು ಪುಟ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂರನೆಯದನ್ನು ತಾವು ಬರೆಯಬೇಕು.

ಕನಕಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಅಮ್ಮನ ಜೊತೆ ಪೌತಿ ಖಾತೆಗೆ ಹೋದಳು. ಅಪ್ಪ ತೀರಿಕೊಂಡಿದ್ದಾರೆ, ಎಕರೆ ಚಿಲ್ಲರೆ ಜಮೀನು ಇನ್ನೂ ಅವರ ಹೆಸರಿನಲ್ಲೇ ಇದೆ. ಅಮ್ಮ ತಮ್ಮ ಮದುವೆಯಿಂದ ಶುರು ಮಾಡಿದರು. ಬತ್ತಿಹೋದ ಬಾವಿ, ಬೋರು ಕೊರೆಸಲು ಮೈದುನ ಕೊಟ್ಟ ಸಾಲ, ಸಾಲ ತೀರಿದ ಮೇಲೂ ತೀರದ ಮಾತು, ಬದುವಿನ ಮೇಲಿನ ಹುಣಸೇಮರದ ಫಸಲು ಯಾರಿಗೆ ಎಂಬ ಜಗಳ. ಅರ್ಜಿ ಬರೆಯುವವರು ತಲೆಯಾಡಿಸುತ್ತ ಕೇಳಿ, ‘ಸರ್ವೆ ನಂಬರ್ ಹೇಳಮ್ಮ. ಡೆತ್ ಸರ್ಟಿಫಿಕೇಟ್ ತಂದಿದ್ದೀಯಾ? ವಂಶವೃಕ್ಷ?’ ಎಂದಷ್ಟೇ ಕೇಳಿದರು. ಅರ್ಜಿ ಒಂದು ಪುಟವೂ ಆಗಲಿಲ್ಲ. ಅಷ್ಟು ವರ್ಷದ ಕಥೆಯಲ್ಲಿ ಅದರೊಳಗೆ ಉಳಿದದ್ದು ಹುಣಸೇಮರ ಒಂದೇ, ಅದೂ ಚೆಕ್ಕುಬಂದಿಯಲ್ಲಿ, ಪೂರ್ವ ದಿಕ್ಕಿಗೆ.

ಇದನ್ನು ಕೇಳಿದ ಮೇಲೆ ನಾನೂ ಒಂದು ಬೆಳಗ್ಗೆ ಅಂಥವರೊಬ್ಬರ ಪಕ್ಕ ಹೋಗಿ ಕುಳಿತೆ. ಟೈಪ್‌ರೈಟರ್ ಹೋಗಿ ಈಗ ನುಡಿ ತಂತ್ರಾಂಶ ಬಂದಿದೆ, ಪಕ್ಕದಲ್ಲೇ ಜೆರಾಕ್ಸ್ ಯಂತ್ರ. ಮೊದಲ ಸಾಲುಗಳು ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತವೆ, ಊರು ಹೆಸರು ತುಂಬಿದರಾಯಿತು. ಜಿಲ್ಲೆಯ ಹೆಸರಿನ ಕಥೆಯನ್ನು ಅವರು ನಗುತ್ತ ಹೇಳಿದರು. ಅವರು ಕೆಲಸಕ್ಕೆ ಕೂತಾಗ ಅರ್ಜಿಯ ಮೇಲೆ ‘ಬೆಂಗಳೂರು ಗ್ರಾಮಾಂತರ’ ಎಂದು ಬರೆಯುತ್ತಿದ್ದರು. 2007ರಲ್ಲಿ ‘ರಾಮನಗರ ಜಿಲ್ಲೆ’ ಆಯಿತು. 2025ರಲ್ಲಿ ‘ಬೆಂಗಳೂರು ದಕ್ಷಿಣ’. ‘ಜಮೀನು ಅಲ್ಲೇ ಇದೆ ಸ್ವಾಮಿ, ತಕರಾರೂ ಅಲ್ಲೇ ಇದೆ’ ಎಂದರು. ‘ಇಷ್ಟು ಚಿಕ್ಕದಾಗಿ ಹೇಗೆ ಬರೆಯುತ್ತೀರಿ?’ ಎಂದದ್ದಕ್ಕೆ, ‘ಸಾಹೇಬ್ರು ಮೂರನೇ ಸಾಲು ದಾಟಲ್ಲ. ಅಷ್ಟರೊಳಗೆ ವಿಷ್ಯ ಬಂದ್ಬಿಡ್ಬೇಕು’ ಎಂದರು. ‘ಸದರಿ’, ‘ಮೇಲ್ಕಂಡ’ಗಳನ್ನು ಕಂಡರೆ ಮೂಗು ಮುರಿಯುವ ಭಾಷಾಭಿಮಾನಿಗಳು ನಮ್ಮಲ್ಲಿ ಬಹಳ. ತನ್ನ ಓದುಗ ಯಾರು, ಅವನ ತಾಳ್ಮೆ ಎಷ್ಟು ಎಂದು ಇಷ್ಟು ಖಚಿತವಾಗಿ ತಿಳಿದ ಲೇಖಕರನ್ನು ಮಾತ್ರ ನಾನು ಸಾಹಿತ್ಯ ಸಮ್ಮೇಳನಗಳಲ್ಲಿ ಹೆಚ್ಚಾಗಿ ಕಂಡಿಲ್ಲ. ಅವರ ಪಕ್ಕ ಮಧ್ಯಾಹ್ನದವರೆಗೂ ಕೂತಿದ್ದೆ. ನನ್ನ ಲೇಖನಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ, ಎದ್ದು ಬರಲು ಮನಸ್ಸಾಗಲಿಲ್ಲ.

ವಿದ್ಯಾರ್ಥಿನಿಯ ಮೂರನೇ ಬರಹ ಅಮ್ಮನ ಮಾತೂ ಅಲ್ಲ, ಅರ್ಜಿಯೂ ಅಲ್ಲ. ಅದು ಹುಣಸೇಮರದಿಂದ ಶುರುವಾಗುತ್ತದೆ. ಮೊದಲ ಪ್ರತಿಯಲ್ಲಿ ಚಿಕ್ಕಪ್ಪ ಬರೀ ಕೆಟ್ಟವರಾಗಿದ್ದರು. ‘ಹಾಗಾದ್ರೆ ಸಾಲ ಯಾಕೆ ಕೊಟ್ರು?’ ಎಂದು ಬಿ.ಕಾಂ. ಹುಡುಗನೊಬ್ಬ ಕೇಳಿದ. ಆಮೇಲಿನ ಪ್ರತಿಯಲ್ಲಿ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಅಣ್ಣನ ಮಂಚದ ಪಕ್ಕ ರಾತ್ರಿ ಕಳೆದದ್ದೂ ಬಂತು. ಲೆಕ್ಕಶಾಸ್ತ್ರದ ವಿದ್ಯಾರ್ಥಿಯ ಆ ಒಂದು ಪ್ರಶ್ನೆ ಮಾಡಿದ ಕೆಲಸವನ್ನು ಯಾವ ವಿಮರ್ಶಾ ಶಿಬಿರವೂ ಮಾಡುತ್ತಿರಲಿಲ್ಲ.

ಬರವಣಿಗೆ ಕಲಿಸಿ ಬರುವ ವಿದ್ಯೆಯಲ್ಲ ಎಂದು ನಂಬಿದವರು ನಮ್ಮಲ್ಲಿ ಹೆಚ್ಚು. ನಾನೂ ಅರ್ಧ ಆ ಪಕ್ಷವೇ. ಆದರೆ ಹೊಸಗನ್ನಡ ಸಾಹಿತ್ಯ ಕಾಲೇಜಿನ ಆವರಣದಲ್ಲೇ ಮೈತುಂಬಿಕೊಂಡಿತೆಂಬುದನ್ನು ಅಲ್ಲಗಳೆಯಲಾಗದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು, ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಬೆನ್ನೆಲುಬು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕವನಗಳು ‘ಕಿರಿಯ ಕಾಣಿಕೆ’ ಸಂಕಲನವಾದವು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಕುವೆಂಪು 1924ರಲ್ಲಿ ಜೇಮ್ಸ್ ಕಸಿನ್ಸ್ ಅವರ ಮಾತು ಕೇಳಿ ಕನ್ನಡಕ್ಕೆ ಹೊರಳಿದ್ದು ಎಲ್ಲರಿಗೂ ಗೊತ್ತು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ಬೇಂದ್ರೆ ಹೆಸರಿನ ಕವನ ಸ್ಪರ್ಧೆ ನಡೆಸಿ, ಮೀಸೆ ಮೂಡದವರ ಪದ್ಯಗಳನ್ನೂ ಅಚ್ಚುಹಾಕಿಸಿದರು. ಇವೆಲ್ಲ ನಡೆದದ್ದು ಬಹುಪಾಲು ಸಂಘಗಳಲ್ಲಿ, ಸಂಜೆ ಹೊತ್ತು, ಹಾಜರಾತಿಯ ಹಂಗಿಲ್ಲದೆ. ತರಗತಿಯೊಳಗೆ, ಅಂಕಗಳ ನಡುವೆ ಇದು ನಡೆದೀತೇ ಎಂಬ ಅನುಮಾನ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಅಧ್ಯಾಪಕಿಗೆ ಆ ಅನುಮಾನ ಇದ್ದಂತಿಲ್ಲ. ‘ಬುಗುರಿ’ಯ ಮೊಗಳ್ಳಿ ಗಣೇಶ್ ಇದೇ ಚನ್ನಪಟ್ಟಣ ತಾಲ್ಲೂಕಿನವರು, ಕಾಳೇಗೌಡ ನಾಗವಾರರೂ ಅಷ್ಟೆ. ಆ ಲೇಖಕರ ಊರಿನ ಬಸ್ಸಿನಲ್ಲೇ ನೀವು ಬಂದಿಳಿಯುತ್ತೀರಿ ಎಂದು ಅಧ್ಯಾಪಕಿ ಮಕ್ಕಳಿಗೆ ಹೇಳುತ್ತಿರುತ್ತಾರೆ. ಇದರಿಂದ ಎಲ್ಲರೂ ಕಥೆಗಾರರಾಗುತ್ತಾರೆಂಬ ಭ್ರಮೆ ಅವರಿಗಿಲ್ಲ. ಬೊಂಬೆ ಕೆಲಸದ ಮನೆಯ ಹುಡುಗಿಯೊಬ್ಬಳು ಹಾಲೆ ಮರದ ತುಂಡು ತಿರುಗುವಾಗ ಅರಗಿನ ಬಣ್ಣ ಹಿಡಿಯುವ ಬಗೆ, ತಾಳೆಗರಿಯಿಂದ ಹೊಳಪು ಕೊಡುವ ಬಗೆ ಎಲ್ಲವನ್ನೂ ಬರೆದು, ಅಪ್ಪನ ಬೆರಳಿನ ಬಗ್ಗೆ ಎಷ್ಟು ಕೇಳಿದರೂ ಒಂದು ಸಾಲು ಬರೆಯಲಿಲ್ಲವಂತೆ. ಅವಳನ್ನು ಒತ್ತಾಯಿಸಲಿಲ್ಲ.

ತೊಡಕಿರುವುದು ಪರೀಕ್ಷೆಯಲ್ಲಿ. 2021ರಲ್ಲಿ ರಾಜ್ಯದ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ‘ಪುಸ್ತಕ ಬದಲಾಯ್ತು ಸಾರ್, ಪೀಠಿಕೆ ಹಾಗೇ ಇದೆ’ ಎಂದರು ಅಧ್ಯಾಪಕಿ. ಹಾಗಾಗಿ ಸೆಮಿಸ್ಟರಿನ ಕೊನೆಯ ವಾರ ಅವರೇ ಕಪ್ಪು ಹಲಗೆಯ ಮೇಲೆ ಪೀಠಿಕೆ, ಉಪಸಂಹಾರ ಬರೆಯುವ ಕ್ರಮವನ್ನು ಹೇಳಿಕೊಡುತ್ತಾರೆ. ‘ಮೌಲ್ಯಮಾಪಕರೂ ಒಂಥರಾ ತಹಶೀಲ್ದಾರ್ರೇ, ಅವರಿಗೆ ಬೇಕಾದ ಹಾಗೆ ಅರ್ಜಿ ಹಾಕಿ’ ಎಂಬ ಸೂಚನೆಯೊಂದಿಗೆ.

ಈ ಬರಹಗಳದ್ದೇ ಒಂದು ಪುಟ್ಟ ಸಂಚಿಕೆ ತರುವ ಯೋಚನೆ ಇದೆ. ಮೊದಲಿಗೆ ಬರಬೇಕಿದ್ದದ್ದು ಹುಣಸೇಮರದ ಲೇಖನ. ಅಷ್ಟರಲ್ಲಿ ಚಿಕ್ಕಪ್ಪ ಖಾತೆಗೆ ತಕರಾರು ಹಾಕಿದ್ದಾರೆ. ಊರಿನ ಹೆಸರಿಲ್ಲದೆ ಇಲ್ಲಿ ಪ್ರಸ್ತಾಪಿಸಲು ಒಪ್ಪಿದ ಅವಳು ಸಂಚಿಕೆಗೆ ಮಾತ್ರ ಒಪ್ಪಲಿಲ್ಲ. ‘ನಮ್ ಚಿಕ್ಕಪ್ಪನ ಮಗ ಇದೇ ಕಾಲೇಜು ಸಾರ್. ಖಾತೆ ಆಗ್ಲಿ, ಆಮೇಲೆ ಹಾಕ್ಕೊಳ್ಳಿ’ ಎಂದಳು. ಸದ್ಯ ಆ ಜಾಗಕ್ಕೆ ರೇಷ್ಮೆ ಹುಳದ ಹುಡುಗನ ಬರಹ ಹೋಗಿದೆ. ಅವನು ಅದನ್ನು ನಾಲ್ಕನೇ ಸಲ ತಿದ್ದುತ್ತಿದ್ದಾನೆ.