ಒಸಗೆ ಎಂಬ ಶಬ್ದದ ವಿಚಾರವು

ಬಾಲಿಕೆಯು ಪ್ರಾಯಕ್ಕೆ ಬರುವುದನ್ನು ಮೈನೆರೆಯುವುದು, ದೊಡ್ಡವಳಾಗುವುದು ಎಂದೂ, ಆಗಿನ ಉತ್ಸವವನ್ನು ಒಸಗೆಯೆಂದೂ ಕನ್ನಡಿಗರು ವ್ಯವಹರಿಸುವರು. ಈ ಶಬ್ದಗಳನ್ನು ವಿಚಾರಿಸಿದಲ್ಲಿ ನಮ್ಮ ನಾಡಿನ ಕನ್ಯೆಯರ ಸ್ಥಿತಿಯು ಕೆಲಮಟ್ಟಿಗೆ ವ್ಯಕ್ತವಾಗುವುದು.

ಹಳಗನ್ನಡದಲ್ಲಿ ಶಕಟರೇಫಯುಕ್ತವಾದ ‘ನೆಱೆ’ ಎಂಬ ಧಾತುವಿಗೆ ತುಂಬು, ಪೂರ್ಣವಾಗು ಎಂದರ್ಥ. ಹೊಳೆಗೆ ನೆರೆ ಬಂದಿತೆಂಬಲ್ಲಿಯೂ ಇದೇ ಅರ್ಥವು. ‘ಒಸೆ’ ಎಂದರೆ ಸಂತೋಷಿಸು. ಅದರಿಂದ ಒಸಗೆಯು ಹರ್ಷವಾರ್ತೆ, ಶುಭೋತ್ಸವ. ಸಂಸ್ಕೃತದ ‘ರಜಸ್ವಲಾ’ ಶಬ್ದವನ್ನು ಮಾಲಿನ್ಯಪರವಾಗಿಯೇ ಗ್ರಹಿಸುವುದು ವಾಡಿಕೆ. ಆದರೆ ರಜಸ್ಸೆಂದರೆ ಪರಾಗವೂ ಹೌದು; ‘ಪುಷ್ಪವತೀ’ ಎಂಬ ಪರ್ಯಾಯವು ಇದಕ್ಕೆ ಹೊಂದಿಕೊಂಡಿದೆ.

ಆಚಾರದಲ್ಲಾದರೋ ಎರಡು ಭಾವಗಳೂ ಬೆರೆತಿವೆ. ಮೈಸೂರು ಸೀಮೆಯ ಒಕ್ಕಲು ಮನೆತನಗಳಲ್ಲಿ ಸೋದರಮಾವನು ಹಸಿರು ಸೊಪ್ಪನ್ನು ತಂದು ಗುಡ್ಲು ಹಾಕುವನು. ಹುಡುಗಿಯು ಅದರಲ್ಲಿ ಪ್ರತ್ಯೇಕವಾಗಿರುವಳು. ಮುತ್ತೈದೆಯರು ಆರತಿಯೆತ್ತಿ ಸೋಬಾನೆ ಹಾಡುವರು. ಕೊಬ್ಬರಿ, ಬೆಲ್ಲ, ಚಿಗಳಿ, ತುಪ್ಪಗಳನ್ನು ಉಣಿಸುವರು. ಹೀಗೆ ಆದರಿಸಲ್ಪಡುವ ಹುಡುಗಿಯೇ ಅಡಿಗೆಯ ಮನೆಯನ್ನು ಹೊಗಕೂಡದು, ಪಾತ್ರೆಯನ್ನು ಮುಟ್ಟಕೂಡದು. ಆ ಎಳೆಯ ಮನಸ್ಸಿಗೆ ಈ ವಿರೋಧವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಇನ್ನು ಶಾಸ್ತ್ರವಿಚಾರ. ಪರಾಶರಸ್ಮೃತಿಯು ಎಂಟು ವರ್ಷದವಳನ್ನು ಗೌರಿಯೆಂದೂ, ಒಂಬತ್ತರವಳನ್ನು ರೋಹಿಣಿಯೆಂದೂ, ಹತ್ತರವಳನ್ನು ಕನ್ಯೆಯೆಂದೂ, ಅದರ ಮೇಲೆ ರಜಸ್ವಲೆಯೆಂದೂ ಎಣಿಸುತ್ತದೆ. ನಾನು ವಾಸಿಸುವ ವಿದ್ಯಾರಣ್ಯಪುರಂ ಯಾರ ಹೆಸರನ್ನು ಧರಿಸಿದೆಯೋ ಆ ವಿದ್ಯಾರಣ್ಯರನ್ನೇ ಸಂಪ್ರದಾಯವು ಆ ಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ಮಾಧವಾಚಾರ್ಯರೆಂದು ಹೇಳುತ್ತದೆ. ಮನುವಾದರೋ, ಋತುಮತಿಯಾದ ಕನ್ಯೆಯು ಮೂರು ವರ್ಷ ಕಾದು ಬಳಿಕ ತಾನೇ ಸದೃಶನಾದ ವರನನ್ನು ವರಿಸಬಹುದೆಂದಿದ್ದಾನೆ. ಆದುದರಿಂದ ಶಾಸ್ತ್ರವು ಏಕಮುಖವಾದುದಲ್ಲ.

ಬಾಲ್ಯದಲ್ಲಿಯೇ ವಿವಾಹವಾದವಳಿಗೆ ಒಸಗೆಯೆಂದರೆ ತೌರನ್ನು ಬಿಡುವ ಕಾಲ. ನೆರೆದ ಮೇಲೆ ವಿವಾಹವಾಗುವ ಕುಲಗಳಲ್ಲಿ ಅವಳಿಗೆ ತೌರಿನಲ್ಲಿ ಇನ್ನೂ ಕೆಲವು ವರ್ಷ. ಹೀಗೆ ಒಂದೇ ಶಬ್ದವು ಒಂದು ಮನೆಯಲ್ಲಿ ಕನ್ಯಾತ್ವದ ಮುಗಿವನ್ನೂ ಮತ್ತೊಂದರಲ್ಲಿ ಅದರ ಮೊದಲನ್ನೂ ಸೂಚಿಸಿತು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿತು. 1978ರ ತಿದ್ದುಪಡಿಯಿಂದ ಭಾರತದಲ್ಲಿ ಕನ್ಯೆಯ ವಿವಾಹವಯಸ್ಸು 18 ಆಯಿತು. ಮನುವು ಹೇಳಿದ ಅವಧಿಯನ್ನು ಕಾನೂನು ಮತ್ತೂ ವಿಸ್ತರಿಸಿತೆನ್ನಬಹುದು.

ಆ ಅವಧಿಯು ವಿದ್ಯಾಭ್ಯಾಸಕ್ಕೆ ಸಲ್ಲಬೇಕಾದುದು. ಮೈನೆರೆದ ಹುಡುಗಿಯನ್ನು ಶಾಲೆ ಬಿಡಿಸುವ ಮನೆಯಲ್ಲಿ ಆರತಿಯೆತ್ತಿದರೂ ಅದು ಒಸಗೆಯಾಗಲಾರದು. ಈ ಶಬ್ದವನ್ನು ಪಾಠ ಹೇಳುವ ಉಪಾಧ್ಯಾಯರು ಅದರ ಧಾತ್ವರ್ಥವನ್ನೂ ವಿದ್ಯಾರ್ಥಿನಿಯರಿಗೆ ತಿಳಿಸಬೇಕೆಂದು ನನ್ನ ವಿಜ್ಞಾಪನೆ.